ಶಾತೊ ಗಯ್ಯಾರ್: ಎರಡೇ ವರ್ಷದಲ್ಲಿ ಎದ್ದ ಕೋಟೆ, ಅಷ್ಟು ಬೇಗ ಬಿದ್ದದ್ದು ಏಕೆ?

ಯುರೋಪಿನ ಹಳೆಯ ಕೋಟೆಗಳ ಬಗ್ಗೆ ಅಲ್ಲಿ ಇಲ್ಲಿ ಓದಿದವರಿಗೆ ಶಾತೊ ಗಯ್ಯಾರ್ ಹೆಸರು ಸಾಮಾನ್ಯವಾಗಿ ಒಂದೇ ಕಾರಣಕ್ಕೆ ಗೊತ್ತಿರುತ್ತದೆ. ಫ್ರೆಂಚ್ ಸೈನಿಕರು ಕಕ್ಕಸಿನ ಕಿಂಡಿಯಲ್ಲಿ ತೂರಿ ಒಳಗೆ ಬಂದರಂತೆ, ಅಷ್ಟು ದೊಡ್ಡ ಕೋಟೆ ಹಾಗೆ ಬಿತ್ತಂತೆ. ಕಥೆ ಮಜವಾಗಿದೆ. ಕಿಂಡಿ ಅಂದ ಕೂಡಲೇ ನಮಗೆ ಚಿತ್ರದುರ್ಗ ನೆನಪಾಗುತ್ತದೆ, ಇಲ್ಲೊಬ್ಬ ಓಬವ್ವ ಇದ್ದಿದ್ದರೆ ಅಂತಲೂ ಅನ್ನಿಸುತ್ತದೆ. ಆದರೆ ಈ ಮುತ್ತಿಗೆ ನಡೆದದ್ದು ಆರು ತಿಂಗಳಿಗೂ ಹೆಚ್ಚು ಕಾಲ. ಆ ಕಿಂಡಿ ಪ್ರಸಂಗ ಬರುವ ಹೊತ್ತಿಗೆ ಕೋಟೆಯ ಹಣೆಬರಹ ಬಹುಪಾಲು ತೀರ್ಮಾನವಾಗಿತ್ತು. ತೀರ್ಮಾನವಾದದ್ದು ಗುಡ್ಡದ ಮೇಲಲ್ಲ, ಕೆಳಗಿನ ಹೊಳೆಯಲ್ಲಿ.

ಮೊದಲು ಜಾಗ ನೋಡೋಣ. ಪ್ಯಾರಿಸ್‌ನಿಂದ ವಾಯವ್ಯಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ, ಉತ್ತರ ಫ್ರಾನ್ಸಿನ ನಾರ್ಮಂಡಿ ಸೀಮೆಯ ಆಂದೆಲಿ ಎಂಬ ಊರಿನ ಪಕ್ಕ ಸೇನ್ ನದಿ ದೊಡ್ಡದಾಗಿ ಬಳಸಿಕೊಂಡು ಹರಿಯುತ್ತದೆ. ತಿರುವಿನ ಹೊರಬದಿಯಲ್ಲಿ ಬಿಳಿ ಸುಣ್ಣಕಲ್ಲಿನ ಗುಡ್ಡವೊಂದು ನೀರಿನಿಂದ ಸುಮಾರು 90 ಮೀಟರ್ ಎತ್ತರಕ್ಕೆ ಕಡಿದಾಗಿ ಎದ್ದಿದೆ. ಒಳಬದಿಯಲ್ಲಿ ನಾಲಿಗೆಯ ಹಾಗೆ ಚಾಚಿಕೊಂಡ ಸಮತಟ್ಟು ಬಯಲು. ಗುಡ್ಡದ ಮೇಲೆ ನಿಂತವರಿಗೆ ಹೊಳೆಯ ಎರಡೂ ಕಡೆಯ ಹಾದಿ ಕಾಣುತ್ತದೆ. ಅದೇ ಹೊಳೆಗುಂಟ ಸುಮಾರು 40 ಕಿ.ಮೀ. ಕೆಳಗೆ ಹೋದರೆ ರುವಾನ್, ಅಂದರೆ ನಾರ್ಮಂಡಿಯ ರಾಜಧಾನಿ. ಪ್ಯಾರಿಸ್‌ನಿಂದ ರುವಾನ್ ಮೇಲೆ ದಂಡೆತ್ತಿ ಹೋಗುವವರಿಗೆ ಸೇನ್ ಕಣಿವೆಗಿಂತ ಸುಲಭದ ದಾರಿ ಇಲ್ಲ.

ಈಗ ಸ್ವಲ್ಪ ರಾಜಕೀಯ. ಇದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಮುಂದೆ ಅವನ ವಂಶದವರು ಇಂಗ್ಲೆಂಡಿಗೆ ರಾಜರು, ನಾರ್ಮಂಡಿಗೆ ಡ್ಯೂಕರು. ಸಮುದ್ರದಾಚೆ ಯಾರಿಗೂ ತಲೆಬಾಗಬೇಕಿಲ್ಲ, ಈಚೆ ಬಂದರೆ ಮಾತ್ರ ಫ್ರಾನ್ಸಿನ ರಾಜನಿಗೆ ಸಾಮಂತರು. 12ನೇ ಶತಮಾನದ ಕೊನೆಯ ಹೊತ್ತಿಗೆ ಈ ಸಾಮಂತನ ಕೈಯಲ್ಲಿ ಫ್ರಾನ್ಸ್ ನೆಲದಲ್ಲೇ ಒಡೆಯನಿಗಿಂತ ಹೆಚ್ಚು ಜಮೀನಿತ್ತು. ಇಂಥ ಸಂಬಂಧ ಎಷ್ಟು ದಿನ ನೆಟ್ಟಗಿರುತ್ತದೆ ಹೇಳಿ?

ಸಾಮಂತ ಅಂದರೆ ‘ಸಿಂಹಹೃದಯಿ’ ಎಂದು ಹೆಸರಾದ ಮೊದಲನೇ ರಿಚರ್ಡ್. ಒಡೆಯ ಅಂದರೆ ಎರಡನೇ ಫಿಲಿಪ್. ಇಬ್ಬರೂ ಜೊತೆಯಾಗಿಯೇ ಜೆರುಸಲೆಂ ಗೆಲ್ಲಲು ಕ್ರೈಸ್ತರು ಹೂಡಿದ ಮೂರನೇ ಧರ್ಮಯುದ್ಧಕ್ಕೆ ಹೊರಟಿದ್ದರು. 1191ರಲ್ಲಿ ಪ್ಯಾಲೆಸ್ಟೈನ್ ಕರಾವಳಿಯ ಆಕ್ರೆ ನಗರ ಕೈಗೆ ಬಂದ ಕೂಡಲೇ ಫಿಲಿಪ್ ಊರಿಗೆ ವಾಪಸು ಬಂದ. ರಿಚರ್ಡ್ ಮರುವರ್ಷ ಹೊರಟವನು ದಾರಿಯಲ್ಲಿ ವಿಯೆನ್ನಾ ಹತ್ತಿರ ಸಿಕ್ಕಿಬಿದ್ದು ಜರ್ಮನಿಯ ಚಕ್ರವರ್ತಿಯ ಸೆರೆಯಾಳಾದ. ಅವನನ್ನು ಬಿಡಿಸಲು ಕೇಳಿದ ಒತ್ತೆಹಣ 1,50,000 ಮಾರ್ಕ್. ಹಣ ಹೊಂದಿಸುವಷ್ಟರಲ್ಲಿ ಫಿಲಿಪ್ ಸುಮ್ಮನೆ ಕೂರಲಿಲ್ಲ. 1193ರಲ್ಲಿ ಗಡಿಯ ಜಿಜೋರ್ ಕೋಟೆಯನ್ನೂ ಸುತ್ತಲಿನ ವೆಕ್ಸಾಂ ಸೀಮೆಯ ದೊಡ್ಡ ಪಾಲನ್ನೂ ನುಂಗಿದ. 1194ರಲ್ಲಿ ಬಿಡುಗಡೆಯಾಗಿ ಬಂದ ರಿಚರ್ಡ್ ಒಂದೊಂದೇ ಊರನ್ನು ಕಿತ್ತುಕೊಳ್ಳುತ್ತಾ ಹೋದ. ಆದರೆ ಜಿಜೋರ್ ಸಿಗಲಿಲ್ಲ. 1196ರ ಜನವರಿಯ ಒಪ್ಪಂದದಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು. ರುವಾನ್‌ಗೆ ಹೋಗುವ ದಾರಿಯ ಬೀಗವೇ ಕಳಚಿದಂತಾಯಿತು. ಹೊಸ ಬೀಗ ಬೇಕಿತ್ತು, ಅದಕ್ಕೆ ಆಂದೆಲಿಯ ಗುಡ್ಡವೇ ಸರಿಯಾದ ಜಾಗ.

ತೊಂದರೆ ಎರಡು. ಆಂದೆಲಿಯಲ್ಲಿ ಕೋಟೆ ಕಟ್ಟಬಾರದು ಎಂದು ಅದೇ ಒಪ್ಪಂದದಲ್ಲಿ ಬರೆದಿತ್ತು. ಜೊತೆಗೆ ಆ ಜಾಗ ರಿಚರ್ಡನದ್ದೂ ಅಲ್ಲ, ಫಿಲಿಪ್‌ನದ್ದೂ ಅಲ್ಲ. ರುವಾನ್‌ನ ಆರ್ಚ್‌ಬಿಷಪ್ ವಾಲ್ಟರ್‌ನ ಜಹಗೀರು ಅದು. ಹೊಳೆಯಲ್ಲಿ ಹೋಗಿ ಬರುವ ದೋಣಿಗಳ ಸುಂಕ ಅಲ್ಲಿ ವಸೂಲಾಗುತ್ತಿತ್ತು, ಆರ್ಚ್‌ಬಿಷಪ್‌ಗೆ ಒಳ್ಳೆಯ ಆದಾಯ.

ರಿಚರ್ಡ್ ಕೇಳಿದ, ವಾಲ್ಟರ್ ಒಪ್ಪಲಿಲ್ಲ. ರಿಚರ್ಡ್ ಜಾಗ ಕಿತ್ತುಕೊಂಡು ಕೆಲಸ ಶುರು ಮಾಡಿಯೇ ಬಿಟ್ಟ. ಈ ವಾಲ್ಟರ್ ಬೇರೆ ಯಾರೂ ಅಲ್ಲ, ಎರಡು ವರ್ಷದ ಹಿಂದೆ ರಿಚರ್ಡ್ ಬಿಡುಗಡೆಯಾದಾಗ ಬಾಕಿ ಹಣಕ್ಕೆ ಜಾಮೀನಾಗಿ ಜರ್ಮನಿಯಲ್ಲಿ ಒತ್ತೆ ಉಳಿದವನು. ಅವನಿಗೆ ಎಷ್ಟು ಉರಿದಿರಬೇಕು! ಇಡೀ ನಾರ್ಮಂಡಿಗೆ ಚರ್ಚಿನ ನಿಷೇಧ ಹಾಕಿ ರೋಮ್‌ಗೆ ಹೊರಟುಹೋದ. ನಿಷೇಧ ಅಂದರೆ ಪೂಜೆ, ಮದುವೆ, ಮಣ್ಣು ಮಾಡುವುದು ಎಲ್ಲ ಬಂದ್. ಹೆಣಗಳು ಮಣ್ಣು ಕಾಣದೆ ಊರ ಬೀದಿಗಳಲ್ಲಿ ಬಿದ್ದಿದ್ದವು ಎಂದು ಆ ಕಾಲದ ಒಬ್ಬ ಇತಿಹಾಸಕಾರ ಬರೆದಿದ್ದಾನೆ. ರಾಜನ ಹಟಕ್ಕೂ ಬಿಷಪ್‌ನ ಹಟಕ್ಕೂ ಬೆಲೆ ತೆತ್ತವರು ಸತ್ತವರ ಮನೆಯವರು. 1197ರಲ್ಲಿ ಪೋಪ್ ಮೂರನೇ ಸೆಲೆಸ್ಟಿನ್ ನಿಷೇಧ ತೆಗೆದ. ಆಂದೆಲಿಯ ಬದಲಿಗೆ ದಿಯೆಪ್ ಬಂದರು, ರುವಾನ್‌ನ ಗಿರಣಿಗಳು, ಇನ್ನಷ್ಟು ಆಸ್ತಿ ಆರ್ಚ್‌ಬಿಷಪ್‌ಗೆ ಸಿಕ್ಕಿತು. ವ್ಯಾಪಾರದಲ್ಲಿ ಅವನಿಗೇನೂ ಲುಕ್ಸಾನಾಗಲಿಲ್ಲ.

ಕಟ್ಟಿದ್ದು ಕೋಟೆಯನ್ನಷ್ಟೇ ಅಲ್ಲ

ಗುಡ್ಡದ ಮೇಲಿನ ಕಟ್ಟಡ ಕಣ್ಣಿಗೆ ಹೊಡೆಯುತ್ತದೆ, ಅದಕ್ಕೇ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ. ರಿಚರ್ಡ್ ಕಟ್ಟಿಸಿದ್ದು ಒಂದು ಇಡೀ ವ್ಯವಸ್ಥೆ. ಹೊಳೆಯ ನಡುಗಡ್ಡೆಯಲ್ಲಿ ಒಂದು ಸಣ್ಣ ಕೋಟೆ. ಗುಡ್ಡದ ಬುಡದಲ್ಲಿ, ದಡಕ್ಕೆ ಅಂಟಿಕೊಂಡಂತೆ, ಗೋಡೆ ಇರುವ ಹೊಸ ಪೇಟೆ. ಈಗಿನ ಪೆತಿ ಆಂದೆಲಿ, ಅಂದರೆ ಸಣ್ಣ ಆಂದೆಲಿ, ಅದೇ. ದಡದಿಂದ ನಡುಗಡ್ಡೆಗೆ, ನಡುಗಡ್ಡೆಯಿಂದ ಆಚೆ ದಡಕ್ಕೆ ಸೇತುವೆ. ಹೊಳೆಗೆ ಅಡ್ಡಲಾಗಿ ಮರದ ಗೂಟಗಳನ್ನು ಮೂರು ಸಾಲು ಹೊಡೆದು ದೋಣಿಗಳಿಗೆ ತಡೆ. ಹೊಳೆಯಲ್ಲಿ ಇನ್ನಷ್ಟು ಮೇಲೆ, ಬೂತಾವಾಂ ಎಂಬಲ್ಲಿ ಒಂದು ಮುಂಗಾವಲು. ಇವೆಲ್ಲದರ ತಲೆಯ ಮೇಲೆ ಗುಡ್ಡದ ಕೋಟೆ.

ಕೆಳಗಿನ ಹೊಳೆ ನಮ್ಮದಾಗಿರುವವರೆಗೆ ರುವಾನ್‌ನಿಂದ ದೋಣಿಯಲ್ಲಿ ಧಾನ್ಯ ಬರುತ್ತದೆ, ಜನ ಬರುತ್ತಾರೆ, ಸುದ್ದಿ ಬರುತ್ತದೆ. ಹೊಳೆ ತಪ್ಪಿದರೆ ಗುಡ್ಡದ ಮೇಲಿನವರು ಒಂಟಿ. ಈ ಮಾತು ನೆನಪಿರಲಿ.

ಖರ್ಚಿನ ಲೆಕ್ಕ ನಾರ್ಮಂಡಿಯ ಖಜಾನೆಯ ಕಡತಗಳಲ್ಲಿ ಉಳಿದಿದೆ. ಗುಡ್ಡ ಕಡಿಯುವವರು, ಕಲ್ಲು ಒಡೆಯುವವರು, ಕಲ್ಲುಕುಟಿಗರು, ಬಡಗಿಗಳು, ಕಮ್ಮಾರರು, ಸುಣ್ಣ ಸುಡುವವರು, ಗಾಡಿಯವರು, ನೀರು ಹೊರುವವರು, ಕೆಲಸಗಾರರನ್ನು ಕಾಯುವ ಸೈನಿಕರು, ಎಲ್ಲರ ಕೂಲಿಯೂ ಅಲ್ಲಿದೆ. ಮೇಸ್ತ್ರಿ ಯಾರು ಎಂಬುದು ಮಾತ್ರ ಇಲ್ಲ. ಹಾಗಾಗಿ ನಕ್ಷೆಯ ಹಿಂದೆ ರಿಚರ್ಡನದೇ ತಲೆ ಇತ್ತು ಎಂದು ಹಲವು ಇತಿಹಾಸಕಾರರು ಊಹಿಸುತ್ತಾರೆ. ಅವನು ಪದೇ ಪದೇ ಅಲ್ಲಿಗೆ ಬಂದು ನಿಂತು ಕೆಲಸ ನೋಡುತ್ತಿದ್ದ. ಒಟ್ಟು ಖರ್ಚು ಸುಮಾರು 12,000 ಪೌಂಡ್. ರಿಚರ್ಡನ ಇಡೀ ಆಳ್ವಿಕೆಯಲ್ಲಿ ಇಂಗ್ಲೆಂಡಿನ ಎಲ್ಲ ಕೋಟೆಗಳಿಗೆ ಆದ ಖರ್ಚು ಸುಮಾರು 7,000 ಪೌಂಡ್ ಅಷ್ಟೇ. ಒಂದು ಪೌಂಡ್‌ಗೆ 240 ಪೆನ್ನಿ, ಆಳಿನ ದಿನಗೂಲಿ ಒಂದೆರಡು ಪೆನ್ನಿ. 12,000 ಪೌಂಡ್ ಅಂದರೆ 28,80,000 ಪೆನ್ನಿ. ಎಷ್ಟು ಜನರ ಎಷ್ಟು ದಿನದ ಬೆವರು ಅಂತ ನೀವೇ ಲೆಕ್ಕ ಹಾಕಿ. ಅದೂ 1196ರಿಂದ 1198ರೊಳಗೆ. ಇಂಥ ಕೋಟೆಗೆ ಆಗ ಹತ್ತು ವರ್ಷ ಹಿಡಿಯುವುದು ಮಾಮೂಲಿ.

1198ರ ಬೇಸಿಗೆಯ ಹೊತ್ತಿಗೆ ಕೆಲಸ ನಡೆಯುತ್ತಿದ್ದ ಜಾಗದಲ್ಲಿ ರಕ್ತದ ಮಳೆ ಬಿತ್ತು ಎಂದು ಒಬ್ಬ ಇಂಗ್ಲಿಷ್ ಪಾದ್ರಿ ಬರೆದಿದ್ದಾನೆ. ಕೆಲಸಗಾರರು ಅಪಶಕುನ ಅಂತ ಹೆದರಿದರಂತೆ. ರಿಚರ್ಡ್ ಜಗ್ಗಲಿಲ್ಲ. ಸ್ವರ್ಗದಿಂದ ದೇವದೂತನೇ ಇಳಿದು ಬಂದು ನಿಲ್ಲಿಸು ಅಂದಿದ್ದರೂ ಅವನಿಗೇ ಶಾಪ ಹಾಕುತ್ತಿದ್ದ ಎನ್ನುತ್ತಾನೆ ಆ ಪಾದ್ರಿ. ರಿಚರ್ಡನ ಸ್ವಭಾವಕ್ಕೆ ಈ ಮಾತು ಹೊಂದುತ್ತದೆ.

ಗೋಡೆಗಳ ಲೆಕ್ಕಾಚಾರ

ಗುಡ್ಡದ ಮೂರು ಕಡೆ ಕಡಿದಾದ ಇಳಿಜಾರು. ಶತ್ರು ದೊಡ್ಡ ಸೈನ್ಯ ತರಬಹುದಾದದ್ದು ಆಗ್ನೇಯದಿಂದ ಮಾತ್ರ. ಅಲ್ಲಿ ಗುಡ್ಡದ ಮೂಗು ಹಿಂದಿನ ಎತ್ತರದ ಬಯಲಿಗೆ ಕೂಡಿಕೊಂಡಿದೆ. ಹಾಗಾಗಿ ಕೋಟೆ ಆ ಕಡೆಗೆ ಮುಖ ಮಾಡಿ ನಿಂತಿದೆ. ಮೊದಲು ತ್ರಿಕೋನದ ಹೊರಕೋಟೆ, ತುದಿಯಲ್ಲಿ ದಪ್ಪ ದುಂಡು ಬುರುಜು. ಅದರ ಹಿಂದೆ ಬಂಡೆ ಕೊರೆದು ಮಾಡಿದ ಅಗಳು. ಆಮೇಲೆ ನಡುಕೋಟೆ. ನಡುಕೋಟೆಯ ಒಳಗೆ ಇನ್ನೊಂದು ಅಗಳು, ಅದರಾಚೆ ಒಳಕೋಟೆ. ಒಳಕೋಟೆಯಲ್ಲಿ ಕೊನೆಯ ಆಸರೆಯಾಗಿ ಮುಖ್ಯ ಗೋಪುರ. ಒಂದು ಸುತ್ತು ಹೋದರೆ ಇನ್ನೊಂದಕ್ಕೆ ಹಿಂದೆ ಸರಿಯಬಹುದು, ಶತ್ರು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಒಳಕೋಟೆಯ ಗೋಡೆಯನ್ನು ನೋಡಿದವರು ಮರೆಯುವುದಿಲ್ಲ. ಅದು ನೇರವಾಗಿಲ್ಲ. ನೀರಿನ ಡ್ರಮ್ಮುಗಳನ್ನು ಒತ್ತೊತ್ತಾಗಿ ಸಾಲು ನಿಲ್ಲಿಸಿದ ಹಾಗೆ ಹೊರಮುಖವೆಲ್ಲ ಉಬ್ಬು ಉಬ್ಬು. ಅಂದಕ್ಕೆ ಮಾಡಿದ್ದಲ್ಲ. ಚಪ್ಪಟೆ ಗೋಡೆಗೆ ಕವಣೆ ಯಂತ್ರದ ಕಲ್ಲು ನೆಟ್ಟಗೆ ಬಡಿದರೆ ಪೂರ್ತಿ ಪೆಟ್ಟು ಗೋಡೆಗೇ. ದುಂಡು ಮೈಗೆ ತಾಗಿದರೆ ಬಹಳ ಸಲ ಪಕ್ಕಕ್ಕೆ ಜಾರುತ್ತದೆ. ಇನ್ನೊಂದು ಲಾಭವೂ ಇದೆ. ನೇರ ಗೋಡೆಯ ಬುಡಕ್ಕೆ ಒತ್ತಿಕೊಂಡು ನಿಂತ ಶತ್ರು ಮೇಲಿನಿಂದ ಕಾಣುವುದೇ ಇಲ್ಲ, ಬಗ್ಗಿ ನೋಡಿದರೆ ಕೆಳಗಿನವರ ಬಾಣಕ್ಕೆ ಗುರಿ. ಗೋಡೆ ಉಬ್ಬುಬ್ಬಾಗಿದ್ದರೆ ಒಂದು ಉಬ್ಬಿನಿಂದ ಪಕ್ಕದ ಉಬ್ಬಿನ ಬುಡಕ್ಕೆ ಬಾಣ ಬಿಡಬಹುದು, ಅವಿತುಕೊಳ್ಳಲು ಜಾಗ ಬಹಳ ಕಡಿಮೆ.

ಮುಖ್ಯ ಗೋಪುರದ್ದೂ ಇದೇ ತರ್ಕ. ಶತ್ರು ಬರುವ ಕಡೆಗೆ ಅದರ ಮೈ ಹಡಗಿನ ಮೂತಿಯಂತೆ ಚೂಪಾಗಿದೆ. ಗೋಡೆಯಿಂದ ಹೊರಬಂದ ಕಲ್ಲಿನ ಆನಿಕೆಗಳು ಮೇಲೆ ಹೋದಂತೆ ಅಗಲವಾಗುತ್ತವೆ, ಅವುಗಳ ನಡುವೆ ಕಮಾನುಗಳಿದ್ದವು, ಕಮಾನಿಗೂ ಗೋಡೆಗೂ ನಡುವೆ ಸಂದು. ಆ ಸಂದಿನಿಂದ ಬುಡದಲ್ಲಿ ನಿಂತವರ ತಲೆಯ ಮೇಲೆ ನೇರವಾಗಿ ಕಲ್ಲು ಬೀಳಿಸಬಹುದು. ಪಶ್ಚಿಮ ಯುರೋಪಿನಲ್ಲಿ ಇಂಥ ಕಲ್ಲಿನ ಸಂದುಗಳು ಕಾಣುವ ಮೊದಮೊದಲ ಕಟ್ಟಡಗಳಲ್ಲಿ ಇದೂ ಒಂದು. ರಿಚರ್ಡ್ ಇದನ್ನೆಲ್ಲ ಪ್ಯಾಲೆಸ್ಟೈನ್, ಸಿರಿಯಾ ಕಡೆಯ ಕೋಟೆಗಳನ್ನು ನೋಡಿ ಕಲಿತ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಸ್ವಲ್ಪ ನಿಜವಿರಬಹುದು. ಆದರೆ ನಾರ್ಮಂಡಿಯವರಿಗೂ ಕೋಟೆ ಕಟ್ಟುವುದು ಹೊಸದೇನಲ್ಲ. ಎಲ್ಲ ಜಾಣ್ಮೆಯೂ ಪೂರ್ವದಿಂದಲೇ ಹಡಗು ಹತ್ತಿ ಬಂತು ಎನ್ನುವುದು ನನಗೆ ಅತಿ ಅನ್ನಿಸುತ್ತದೆ.

ರಿಚರ್ಡ್‌ಗೆ ಈ ಕೋಟೆ ಎಂದರೆ ಹೆಮ್ಮೆ. ‘ಗೋಡೆ ಕಬ್ಬಿಣದ್ದಾದರೂ ಗೆಲ್ಲುತ್ತೇನೆ’ ಎಂದು ಫಿಲಿಪ್ ಅಂದನಂತೆ, ‘ಬೆಣ್ಣೆಯದಾದರೂ ಉಳಿಸಿಕೊಳ್ಳುತ್ತೇನೆ’ ಎಂದು ರಿಚರ್ಡ್ ಉತ್ತರ ಕೊಟ್ಟನಂತೆ. ಇಬ್ಬರೂ ನಿಜವಾಗಿ ಹಾಗೆ ಹೇಳಿದರೋ ಇಲ್ಲವೋ, ಕಥೆಯಲ್ಲಿ ಒಂದು ತಿಳಿವಳಿಕೆ ಇದೆ. ರಿಚರ್ಡ್ ನಂಬಿದ್ದು ಗೋಡೆಯನ್ನಲ್ಲ, ತನ್ನನ್ನು. ಶತ್ರು ಮುತ್ತಿಗೆ ಹಾಕಿದರೆ ಹೊರಗಿನಿಂದ ಸೈನ್ಯದೊಂದಿಗೆ ಓಡಿ ಬರುವವನು ಅವನೇ ತಾನೆ?

1199ರ ಮಾರ್ಚ್‌ನಲ್ಲಿ ದಕ್ಷಿಣದ ಶಾಲೂಸ್ ಎಂಬ ಸಣ್ಣ ಕೋಟೆಯ ಮುಂದೆ ಅವನ ಭುಜಕ್ಕೆ ಅಡ್ಡಬಿಲ್ಲಿನ ಬಾಣ ತಾಗಿತು. ಗಾಯ ಕೊಳೆತು ಏಪ್ರಿಲ್ 6ರಂದು ತೀರಿಕೊಂಡ. ಕೋಟೆ ಅವನ ತಮ್ಮ ಜಾನ್‌ನ ಪಾಲಿಗೆ ಬಂತು.

ಮುತ್ತಿಗೆ

ಜಾನ್ ಎಷ್ಟು ಕೆಟ್ಟ ರಾಜ ಎಂಬ ಬಗ್ಗೆ ಇಂಗ್ಲೆಂಡಿನಲ್ಲಿ ಇವತ್ತಿಗೂ ವಾದ ಮುಗಿದಿಲ್ಲ. ನಮಗೆ ಬೇಕಾದಷ್ಟು ಇಲ್ಲಿದೆ. 1200ರಲ್ಲಿ ಅವನು ಇನ್ನೊಬ್ಬ ಸರದಾರನ ಜೊತೆ ಮದುವೆ ನಿಶ್ಚಯವಾಗಿದ್ದ ಹುಡುಗಿಯನ್ನು ಮದುವೆಯಾದ. ಸರದಾರನ ಕಡೆಯವರು ಫಿಲಿಪ್‌ನ ಆಸ್ಥಾನಕ್ಕೆ ದೂರು ಕೊಟ್ಟರು. ಜಾನ್ ವಿಚಾರಣೆಗೆ ಬರಲಿಲ್ಲ. 1202ರಲ್ಲಿ ಫಿಲಿಪ್ ಒಡೆಯನ ಹಕ್ಕು ಚಲಾಯಿಸಿ ಅವನ ಫ್ರಾನ್ಸಿನ ಜಮೀನು ಮುಟ್ಟುಗೋಲು ಹಾಕಿದ. ಅದೇ ವರ್ಷ ಜಾನ್ ತನ್ನ ಅಣ್ಣನ ಮಗ, ಸಿಂಹಾಸನದ ಇನ್ನೊಬ್ಬ ಹಕ್ಕುದಾರ ಆರ್ಥರ್‌ನನ್ನು ಸೆರೆಹಿಡಿದ. ಆ ಹುಡುಗ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಜಾನೇ ಕೊಲ್ಲಿಸಿದ ಎಂಬ ಸುದ್ದಿ ಹಬ್ಬಿತು, ಸರದಾರರು ಒಬ್ಬೊಬ್ಬರಾಗಿ ಫಿಲಿಪ್ ಕಡೆ ವಾಲಿದರು.

1203ರ ಆಗಸ್ಟ್‌ನಲ್ಲಿ ಫಿಲಿಪ್ ಆಂದೆಲಿಗೆ ಬಂದ. ಅವನು ಗುಡ್ಡಕ್ಕೆ ಹತ್ತಲಿಲ್ಲ, ಆಚೆ ದಡದ ಬಯಲಿನಲ್ಲಿ ಪಾಳೆಯ ಹೂಡಿದ. ಮೊದಲ ಕೆಲಸ ಹೊಳೆ. ಅವನ ಈಜುಗಾರರು ಬಾಣಗಳ ನಡುವೆಯೇ ನೀರಿಗಿಳಿದು ಗೂಟಗಳ ಸಾಲನ್ನು ಕಡಿದು ದಾರಿ ಮಾಡಿದರು. ಅಲ್ಲಿ ದೋಣಿಗಳನ್ನು ಸಾಲಾಗಿ ಜೋಡಿಸಿ ಫಿಲಿಪ್ ತನ್ನದೇ ಸೇತುವೆ ಹಾಕಿಸಿದ. ಈಗ ಅವನ ಸೈನ್ಯ ಎರಡೂ ದಡದಲ್ಲಿ ಓಡಾಡಬಹುದು. ಇದನ್ನೆಲ್ಲ ಕಣ್ಣಾರೆ ಕಂಡು ಬರೆದಿಟ್ಟವನು ಫಿಲಿಪ್‌ನ ಪಾದ್ರಿ ಗಿಯೋಮ್ ಲ ಬ್ರೆತೋಂ. ಅವನು ಒಡೆಯನನ್ನು ಹೊಗಳುವವನೇ, ಆದರೂ ನಮಗೆ ಗೊತ್ತಿರುವ ವಿವರ ಬಹಳಷ್ಟು ಅವನಿಂದಲೇ ಬಂದದ್ದು.

ಜಾನ್ ಬಿಡಿಸಲು ಯತ್ನಿಸಲಿಲ್ಲ ಎನ್ನುವುದು ಸುಳ್ಳು. ಉಪಾಯ ಚೆನ್ನಾಗಿಯೇ ಇತ್ತು. ವಿಲಿಯಂ ಮಾರ್ಷಲ್ ಎಂಬ ಹೆಸರಾಂತ ದಳಪತಿ ರಾತ್ರಿ ನೆಲದ ಕಡೆಯಿಂದ ಬಯಲಿನ ಪಾಳೆಯದ ಮೇಲೆ ಬೀಳಬೇಕು. ಅದೇ ಹೊತ್ತಿಗೆ ರುವಾನ್ ಕಡೆಯಿಂದ ಸುಮಾರು 70 ದೋಣಿಗಳು ಬಂದು ಫಿಲಿಪ್‌ನ ಸೇತುವೆ ಮುರಿದು ಕೋಟೆಗೆ ದವಸ ಮುಟ್ಟಿಸಬೇಕು. ಮಾರ್ಷಲ್ ಸಮಯಕ್ಕೆ ಬಂದ, ಮೊದಲಿಗೆ ಪಾಳೆಯದವರು ಕಂಗಾಲಾಗಿ ಸೇತುವೆ ಕಡೆ ಓಡಿದರು. ದೋಣಿಗಳು ಮಾತ್ರ ಬರಲಿಲ್ಲ. ರುವಾನ್‌ನಿಂದ ಬರುವುದೆಂದರೆ ಹರಿವಿನ ಎದುರು ಹುಟ್ಟು ಹಾಕಬೇಕು, ಆ ಲೆಕ್ಕ ತಪ್ಪಿತ್ತು. ಅಷ್ಟರಲ್ಲಿ ಫ್ರೆಂಚರು ಸಾವರಿಸಿಕೊಂಡು ಮಾರ್ಷಲ್‌ನನ್ನು ಹಿಮ್ಮೆಟ್ಟಿಸಿದರು. ಬೆಳಕು ಹರಿಯುವ ಹೊತ್ತಿಗೆ ದೋಣಿಗಳು ತಲುಪಿದವು, ಎರಡೂ ದಡದಲ್ಲಿ ಬಾಣ ಹೂಡಿಕೊಂಡು ಕಾಯುತ್ತಿದ್ದರು. ಎರಡು ಸೈನ್ಯವೂ ಬೇರೆ ಬೇರೆಯಾಗಿ ಸೋತವು.

ನನ್ನ ಲೆಕ್ಕದಲ್ಲಿ ಶಾತೊ ಗಯ್ಯಾರ್ ಸೋತದ್ದು ಆ ಬೆಳಗ್ಗೆ. ಮಧ್ಯಯುಗದಲ್ಲಿ ಕೋಟೆ ಎಂದರೆ ಶತ್ರುವನ್ನು ಸೋಲಿಸುವ ಯಂತ್ರವಲ್ಲ. ಒಳಗೆ ನೂರಿನ್ನೂರು ಜನ, ಹೊರಗೆ ಸಾವಿರಾರು. ಅವರು ಮಾಡಬಹುದಾದದ್ದು ಇಷ್ಟೇ: ಶತ್ರುವನ್ನು ಒಂದೇ ಕಡೆ ಕಟ್ಟಿಹಾಕಿ ಸಮಯ ಎಳೆಯುವುದು, ಆ ಸಮಯದಲ್ಲಿ ನಮ್ಮ ರಾಜ ದೊಡ್ಡ ಸೈನ್ಯ ಕಟ್ಟಿಕೊಂಡು ಬರುವುದು. ರಾಜ ಬರದಿದ್ದರೆ ಎಂಥ ಗೋಡೆಯೂ ಬರೀ ದಿನ ಮುಂದೂಡುತ್ತದೆ. ಜಾನ್ ಆಮೇಲೆ ಫಿಲಿಪ್‌ನ ಗಮನ ಸೆಳೆಯಲು ನಾರ್ಮಂಡಿಯ ಪಕ್ಕದ ಬ್ರಿಟನಿ ಸೀಮೆಯ ಕಡೆ ಒಂದು ದಾಳಿ ಮಾಡಿ ನೋಡಿದ. ಫಿಲಿಪ್ ಕದಲಲಿಲ್ಲ. ಡಿಸೆಂಬರ್‌ನಲ್ಲಿ ಜಾನ್ ಹಡಗು ಹತ್ತಿ ಇಂಗ್ಲೆಂಡಿಗೆ ಹೋದವನು ನಾರ್ಮಂಡಿಗೆ ವಾಪಸು ಬರಲಿಲ್ಲ.

ನಡುಗಡ್ಡೆಯ ಕೋಟೆ ಬೇಗ ಬಿತ್ತು. ಮಾಂತ್ ಊರಿನ ಗೋಬೆರ್ ಎಂಬ ಈಜುಗಾರ ಮುಚ್ಚಿದ ಮಡಕೆಗಳಲ್ಲಿ ಕೆಂಡ ಇಟ್ಟುಕೊಂಡು ನೀರೊಳಗೆ ಈಜಿ ಹೋಗಿ ಅಲ್ಲಿನ ಮರದ ಬೇಲಿಗೆ ಬೆಂಕಿ ಹಚ್ಚಿದನಂತೆ. ನಡುಗಡ್ಡೆ ಹೋದ ಮೇಲೆ ಕೆಳಗಿನ ಪೇಟೆಯಲ್ಲಿ ಉಳಿಯುವಂತಿಲ್ಲ. ಹೆಂಗಸರು, ಮಕ್ಕಳು, ಮುದುಕರು ಎನ್ನದೆ ಸಾವಿರಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಹತ್ತಿ ಕೋಟೆ ಸೇರಿದರು. ಕೋಟೆಯ ದಂಡನಾಯಕ ರೋಜರ್ ಡಿ ಲೇಸಿ ಅವರನ್ನು ಒಳಗೆ ಬಿಟ್ಟುಕೊಂಡ.

ಫಿಲಿಪ್ ಗುಡ್ಡದ ಸುತ್ತ ಎರಡು ಸಾಲು ಕಂದಕ ತೋಡಿಸಿ, ನಡುನಡುವೆ ಮರದ ಕಾವಲು ಗೋಪುರ ನಿಲ್ಲಿಸಿ, ಹಸಿವು ತನ್ನ ಕೆಲಸ ಮಾಡಲಿ ಎಂದು ಕಾದ. ರೋಜರ್ ದಾಸ್ತಾನಿನ ಲೆಕ್ಕ ಹಾಕಿದ, ಅಷ್ಟು ಬಾಯಿಗೆ ಸಾಲುವುದಿಲ್ಲ. ಕೈಲಾಗದವರಲ್ಲಿ ಸುಮಾರು 500 ಜನರನ್ನು ಹೊರಗೆ ಕಳಿಸಿದ, ಫ್ರೆಂಚರು ದಾರಿ ಬಿಟ್ಟರು. ಇನ್ನೊಂದು 500 ಜನರನ್ನೂ ಬಿಟ್ಟರು. ಫಿಲಿಪ್‌ಗೆ ಇದು ಗೊತ್ತಾದಾಗ ಇನ್ನು ಯಾರನ್ನೂ ಬಿಡಕೂಡದು ಎಂದು ಅಪ್ಪಣೆ ಕೊಟ್ಟ. ಒಳಗೆ ಬಾಯಿ ಹೆಚ್ಚಿದ್ದಷ್ಟೂ ಅವನಿಗೆ ಲಾಭ. ಮೂರನೇ ಗುಂಪು, ನಾನೂರಕ್ಕೂ ಹೆಚ್ಚು ಜನ, ಹೊರಬಂದಾಗ ಎದುರಿನಿಂದ ಬಾಣ ಹಾರಿ ಬಂದವು. ಹಿಂದೆ ತಿರುಗಿದರೆ ಕೋಟೆಯ ಬಾಗಿಲು ಮುಚ್ಚಿತ್ತು.

ಆ ಜನ ಚಳಿಗಾಲವನ್ನು ಕೋಟೆಗೂ ಕಂದಕಕ್ಕೂ ನಡುವಿನ ಇಳಿಜಾರಿನಲ್ಲಿ ಕಳೆದರು. ಹುಲ್ಲು, ಬೇರು ತಿಂದರು. ಕೋಟೆಯವರು ಮೇವಿಲ್ಲದೆ ಹೊರಗಟ್ಟಿದ ನಾಯಿಗಳನ್ನು ಹಿಡಿದು ತಿಂದರು. ಅರ್ಧಕ್ಕಿಂತ ಹೆಚ್ಚು ಜನ ಸತ್ತರು. ಎಷ್ಟೋ ವಾರಗಳ ನಂತರ ಫಿಲಿಪ್ ಮತ್ತೆ ಬಂದಾಗ ಉಳಿದವರು ಕೂಗಿ ಬೇಡಿಕೊಂಡರು. ಅವನು ಊಟ ಕೊಡಿಸಿ ಹೋಗಲು ಬಿಟ್ಟ. ಗಿಯೋಮ್ ಇದನ್ನು ರಾಜನ ದಯೆ ಎಂದು ಬರೆಯುತ್ತಾನೆ. ಅವರನ್ನು ಅಲ್ಲಿ ಸಿಕ್ಕಿಸಿದ್ದೇ ಆ ರಾಜನ ಅಪ್ಪಣೆ ಎಂಬುದನ್ನು ಅವನೇ ಬರೆದ ಪುಟಗಳಿಂದ ತಿಳಿಯಬಹುದು. ಶಾತೊ ಗಯ್ಯಾರ್ ಎಂದರೆ ಜನ ಕಕ್ಕಸಿನ ಕಥೆ ಹೇಳಿ ನಗುತ್ತಾರೆ, ಈ ನಾನೂರು ಜನರ ಮಾತು ಬರುವುದೇ ಕಡಿಮೆ.

ಮೂರು ಗೋಡೆ, ಮೂರು ತಪ್ಪು

1204ರ ಫೆಬ್ರುವರಿ ಕೊನೆಗೆ ನಿಜವಾದ ಲಗ್ಗೆ ಶುರುವಾಯಿತು. ಆಗ್ನೇಯದ ಎತ್ತರದಲ್ಲಿ ಕವಣೆ ಯಂತ್ರಗಳನ್ನು ನಿಲ್ಲಿಸಿದರು. ಅಗಳಿಗೆ ಮಣ್ಣು, ಸೌದೆ ಸುರಿದು ತುಂಬಿಸುತ್ತಾ ಹೋದರು. ಪೂರ್ತಿ ತುಂಬುವವರೆಗೆ ಕಾಯದೆ ಸೈನಿಕರು ಏಣಿ ಹಿಡಿದು ಅಗಳಿಗೆ ಇಳಿದರು. ಆಚೆ ಬದಿಗೆ ಏಣಿ ಮೋಟಾಯಿತು. ಆಗ ಕಠಾರಿಯಿಂದ ಸುಣ್ಣಕಲ್ಲನ್ನು ಕೆತ್ತಿ ಕಾಲಿಡಲು ಗುಂಡಿ ಮಾಡಿಕೊಂಡು ಬುರುಜಿನ ಬುಡ ಮುಟ್ಟಿದರು. ತಲೆಯ ಮೇಲೆ ಗುರಾಣಿ ಮರೆಮಾಡಿಕೊಂಡು ಬುಡವನ್ನು ಅಗೆದರು.

ಇಲ್ಲಿ ಸುರಂಗದ ಕೆಲಸ ಹೇಗೆ ಅಂತ ಹೇಳಬೇಕು. ಒಳಗೆ ನುಗ್ಗಲು ದಾರಿ ತೋಡುತ್ತಾರೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹೆಚ್ಚಾಗಿ ಹಾಗಲ್ಲ. ಗೋಡೆಯ ಪಾಯದ ಕೆಳಗೆ ಪೊಟರೆ ಕೊರೆಯುತ್ತಾರೆ, ಕೊರೆದಂತೆ ಮರದ ತೊಲೆಗಳಿಂದ ಆನಿಕೆ ಕೊಡುತ್ತಾರೆ. ಸಾಕಷ್ಟು ಅಗಲವಾದ ಮೇಲೆ ಒಣ ಸೌದೆ ತುಂಬಿ ಬೆಂಕಿ ಇಟ್ಟು ಹೊರಗೆ ಬರುತ್ತಾರೆ. ತೊಲೆ ಸುಟ್ಟರೆ ಮೇಲಿನ ಗೋಡೆ ತನ್ನ ಭಾರಕ್ಕೇ ಕುಸಿಯುತ್ತದೆ. ಮೂಲೆ ಇರುವ ಚೌಕ ಬುರುಜಿಗಿಂತ ದುಂಡು ಬುರುಜು ಇದನ್ನು ಚೆನ್ನಾಗಿ ತಾಳುತ್ತದೆ, ಆದರೆ ಕೆಳಗಿರುವುದು ಮೆತ್ತನೆಯ ಸುಣ್ಣಕಲ್ಲು. ಹೊರಕೋಟೆ ಹೀಗೆ ಹೋಯಿತು. ಒಳಗಿನವರು ಅಲ್ಲಿದ್ದದ್ದನ್ನೆಲ್ಲ ಸುಟ್ಟು ನಡುಕೋಟೆಗೆ ಸರಿದರು.

ಈಗ ಆ ಪ್ರಸಿದ್ಧ ಪ್ರಸಂಗ. ನಡುಕೋಟೆಯ ಗೋಡೆಗೆ ಒತ್ತಿಕೊಂಡು ಜಾನ್ ಒಂದು ಹೊಸ ಕಟ್ಟಡ ಎಬ್ಬಿಸಿದ್ದ. ಮೇಲೆ ಪ್ರಾರ್ಥನಾ ಮಂದಿರ, ಕೆಳಗೆ ಕಕ್ಕಸು. ಅದಕ್ಕೆ ಹೊರಗೋಡೆಯಲ್ಲಿ ಕಿಟಕಿ ಇಟ್ಟಿದ್ದರು. ಮೊಂಡು ಮೂಗಿನವನು ಎಂಬ ಅಡ್ಡಹೆಸರಿದ್ದ ಬೋಜಿಸ್ ಎಂಬ ಸೈನಿಕ ಅದನ್ನು ಗಮನಿಸಿದ. ಜೊತೆಗಾರನ ಹೆಗಲ ಮೇಲೆ ನಿಂತು ಕಿಟಕಿ ಹಿಡಿದು ಹತ್ತಿ, ಹಗ್ಗ ಬಿಟ್ಟು ಉಳಿದವರನ್ನು ಎಳೆದುಕೊಂಡ. ಕಕ್ಕಸಿನ ಕೊಳವೆಯಲ್ಲಿ ತೂರಿ ಬಂದರು ಎಂಬುದು ಇದಕ್ಕೇ ಹಚ್ಚಿದ ಬಣ್ಣ. ಒಳಗೆ ಬಂದವರು ಬೇಕೆಂದೇ ಗಲಾಟೆ ಎಬ್ಬಿಸಿದರು. ದೊಡ್ಡ ಪಡೆಯೇ ನುಗ್ಗಿದೆ ಎಂದುಕೊಂಡ ಕೋಟೆಯವರು ಅವರನ್ನು ಸುಡಲು ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಗಾಳಿಗೆ ಬೆಂಕಿ ಅವರತ್ತಲೇ ತಿರುಗಿತು. ಅವರು ಒಳಕೋಟೆಗೆ ಓಡಿದರು, ಬೋಜಿಸ್‌ನ ಗುಂಪು ಹೊರಗಿನವರಿಗೆ ದಾರಿ ತೆರೆಯಿತು.

ಉಳಿದದ್ದು ಆ ಉಬ್ಬುಬ್ಬಿನ ಗೋಡೆ, ರಿಚರ್ಡನ ಹೆಮ್ಮೆ. ಅದರ ಅಗಳಿಗೆ ಎತ್ತುವ ಸೇತುವೆ ಇರಲಿಲ್ಲ. ಅಗಳು ಕೊರೆಯುವಾಗ ದಾಟಲು ಬಂಡೆಯ ಒಂದು ಪಟ್ಟಿಯನ್ನು ಹಾಗೇ ಬಿಟ್ಟು, ಅದನ್ನೇ ಸೇತುವೆ ಮಾಡಿದ್ದರು. ಗಟ್ಟಿಮುಟ್ಟು, ಆದರೆ ಬೇಕೆಂದಾಗ ಮೇಲೆತ್ತುವಂತಿಲ್ಲ, ಮುರಿಯುವಂತಿಲ್ಲ. ಫ್ರೆಂಚರ ಅಗೆಯುವವರು ಆ ಬಂಡೆಯ ಮರೆಯಲ್ಲೇ ಕುಳಿತು ಗೋಡೆಯ ಬುಡ ಕೊರೆದರು. ಒಳಗಿನವರು ಎದುರು ಸುರಂಗ ತೋಡಿ ಅವರನ್ನು ಓಡಿಸಿದರು. ಆದರೆ ಎರಡೂ ಕಡೆಯಿಂದ ಕೊರೆದ ಪಾಯ ಎಷ್ಟು ಗಟ್ಟಿ ಉಳಿದೀತು? ದೊಡ್ಡ ಕವಣೆಯ ಕಲ್ಲುಗಳು ಬಡಿದಾಗ ಗೋಡೆ ಬಿರುಕು ಬಿಟ್ಟು ಕುಸಿಯಿತು.

ಮುಖ್ಯ ಗೋಪುರಕ್ಕೆ ಯಾರೂ ಓಡಲಿಲ್ಲ. ಹಡಗಿನ ಮೂತಿ, ಕಲ್ಲು ಬೀಳಿಸುವ ಸಂದು, ಅಷ್ಟು ಖರ್ಚು ಮಾಡಿ ಕಟ್ಟಿದ್ದು ಕೊನೆಯ ಗಳಿಗೆಯಲ್ಲಿ ಉಪಯೋಗಕ್ಕೇ ಬರಲಿಲ್ಲ. ಹಿಂದಿನ ದಿಡ್ಡಿ ಬಾಗಿಲಿನಿಂದ ತಪ್ಪಿಸಿಕೊಳ್ಳಲು ಹೋದ ರೋಜರ್‌ನ ಜನ ಸುತ್ತುವರಿದ ಸೈನ್ಯದ ಕೈಗೆ ಸಿಕ್ಕರು. ಎಲ್ಲ ಸೇರಿ ನೂರೈವತ್ತರ ಆಸುಪಾಸು. ಅಂದು 1204ರ ಮಾರ್ಚ್ 6. ಜೂನ್ 24ರಂದು ರುವಾನ್ ಶರಣಾಯಿತು. ನಾರ್ಮಂಡಿ ಇಂಗ್ಲೆಂಡಿನ ರಾಜರ ಕೈಯಿಂದ ಜಾರಿತು. ರೋಜರ್‌ನ ಬಿಡುಗಡೆಗೆ ಜಾನ್ 1,000 ಪೌಂಡ್ ಕೊಟ್ಟ.

ಆಮೇಲೆ

ಕೋಟೆ ಬಿದ್ದರೂ ಅದರ ಆಯಸ್ಸು ಮುಗಿಯಲಿಲ್ಲ. ಫ್ರೆಂಚರು ರಿಪೇರಿ ಮಾಡಿ ಬಳಸಿದರು. 1314ರಲ್ಲಿ ವ್ಯಭಿಚಾರದ ಆರೋಪ ಹೊತ್ತ ಇಬ್ಬರು ರಾಜ ಸೊಸೆಯರನ್ನು, ಮಾರ್ಗರೀತ್ ಮತ್ತು ಬ್ಲಾಂಶ್ ಅವರನ್ನು, ಇಲ್ಲಿ ಕೂಡಿಹಾಕಿದರು. ಮಾರ್ಗರೀತ್ ಮರುವರ್ಷ ಇಲ್ಲೇ ಸತ್ತಳು. 1334ರಲ್ಲಿ ದೇಶಬಿಟ್ಟು ಬಂದ ಸ್ಕಾಟ್ಲೆಂಡಿನ ರಾಜ ಎರಡನೇ ಡೇವಿಡ್, ಆಗಿನ್ನೂ ಹತ್ತು ವರ್ಷದ ಹುಡುಗ, ಏಳು ವರ್ಷ ಇಲ್ಲಿ ಆಶ್ರಯ ಪಡೆದ.

ನೂರು ವರ್ಷದ ಯುದ್ಧದಲ್ಲಿ ಇಂಗ್ಲಿಷರು ಮತ್ತೆ ಬಂದರು. 1419ರ ಜನವರಿಯಲ್ಲಿ ರುವಾನ್ ಇಂಗ್ಲೆಂಡಿನ ರಾಜ ಐದನೇ ಹೆನ್ರಿಯ ಕೈಸೇರಿತು, ಸುತ್ತಲಿನ ನೆಲವೆಲ್ಲ ಹೋಯಿತು. ಶಾತೊ ಗಯ್ಯಾರ್ ಮಾತ್ರ ಡಿಸೆಂಬರ್‌ವರೆಗೂ ಜಗ್ಗಲಿಲ್ಲ. ಕೊನೆಗೆ ಶರಣಾದದ್ದು ಬಾವಿಯಿಂದ ನೀರು ಸೇದುವ ಹಗ್ಗಗಳು ಸವೆದು ಹರಿದುಹೋದವು ಎಂಬ ಕಾರಣಕ್ಕಂತೆ. ಗುಡ್ಡದ ಮೇಲಿನ ಬಾವಿ ಎಂದರೆ ಪಾತಾಳದಷ್ಟು ಆಳ, ಹೊಸ ಹಗ್ಗ ತರೋಣ ಎಂದರೆ ಕೆಳಗೆ ಶತ್ರು. 1430ರಲ್ಲಿ ಲಾ ಹೀರ್ ಎಂಬ ಫ್ರೆಂಚ್ ದಳಪತಿ ಗೆದ್ದ, ಕೆಲವೇ ತಿಂಗಳಲ್ಲಿ ಇಂಗ್ಲಿಷರು ಕಿತ್ತುಕೊಂಡರು, 1449ರಲ್ಲಿ ಅದು ಕಾಯಮ್ಮಾಗಿ ಫ್ರಾನ್ಸಿಗೆ ಸೇರಿತು. ಮುಂದಿನ ಶತಮಾನದ ಮತಯುದ್ಧಗಳಲ್ಲಿ ಇನ್ನೊಮ್ಮೆ ಮುತ್ತಿಗೆ ಕಂಡಿತು. ಇಂಥ ಕೋಟೆ ಇದ್ದರೆ ಯಾವನೋ ದಂಗೆಕೋರ ಬಂದು ಸೇರಿಕೊಳ್ಳುತ್ತಾನೆ ಎಂದು ಸುತ್ತಲಿನವರಿಗೆ ದಿಗಿಲು. 1599ರಲ್ಲಿ ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿ ಕೆಡವಲು ಅಪ್ಪಣೆ ಕೊಟ್ಟ. ಹತ್ತಿರದ ಮಠದ ಸನ್ಯಾಸಿಗಳು ತಮ್ಮ ಕಟ್ಟಡ ರಿಪೇರಿಗೆ ಕಲ್ಲು ಹೊತ್ತೊಯ್ದರು. ಮುತ್ತಿಗೆಗಳು ಮಾಡಿದ್ದಕ್ಕಿಂತ ಜಾಸ್ತಿ ಹಾಳು ಮಾಡಿದ್ದು ಈ ಸಾಗಾಟ. 1862ರಲ್ಲಿ ಫ್ರೆಂಚ್ ಸರ್ಕಾರ ಅದನ್ನು ಚಾರಿತ್ರಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿತು.

ಈಗ ಹೋದರೆ ಮುಖ್ಯ ಗೋಪುರ, ಉಬ್ಬುಬ್ಬಿನ ಗೋಡೆಯ ದೊಡ್ಡ ಪಾಲು, ಬಂಡೆಯಲ್ಲಿ ಕೊರೆದ ಅಗಳುಗಳು ನೋಡಲು ಸಿಗುತ್ತವೆ. ಎಲ್ಲರೂ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಅದಕ್ಕೆ ಮೊದಲು ಆಗ್ನೇಯದ ಎತ್ತರಕ್ಕೆ ಹೋಗಿ ನಿಲ್ಲಿ. ಫಿಲಿಪ್‌ನ ಕವಣೆಗಳು ನಿಂತಿದ್ದ ಕಡೆ ಅದೇ, ಮೂರು ಸುತ್ತೂ ಒಂದರ ಹಿಂದೆ ಒಂದು ಕಾಣುತ್ತವೆ. ಅಲ್ಲಿಂದ ಬಲಕ್ಕೋ ಎಡಕ್ಕೋ ಎಂದು ತಲೆ ಕೆಡಿಸಿಕೊಳ್ಳದೆ ನೇರ ಹೊಳೆ ಕಡೆ ನೋಡಿ, ನಡುಗಡ್ಡೆ ಎಲ್ಲಿದೆ ಎಂದು ಗುರುತಿಸಿ. ದೋಣಿಗಳು ತಡವಾಗಿ ಬಂದದ್ದು ಅಲ್ಲಿಗೆ.